ಸುವರ್ಣಗಣಿತದ ಎಲ್ಲೆ

ನೃಪತುಂಗನ ಕಾಲದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದ ಮಿಶ್ರಕವ್ಯವಹಾರದಲ್ಲಿ ಬೆರಕೆ ಹೊನ್ನಿನ ವರ್ಣವನ್ನು, ಎಂದರೆ ಶುದ್ಧತೆಯನ್ನು, ನಿರ್ಣಯಿಸುವ ಕ್ರಮವು ನಿರ್ದುಷ್ಟವಾದುದು. 16 ವರ್ಣದ 2 ತೊಲವೂ 12 ವರ್ಣದ 6 ತೊಲವೂ ಬೆರೆತರೆ ಅವಸರದ ಬುದ್ಧಿಯು 14 ಎನ್ನುವುದು. ತೂಕದಿಂದ ಗುಣಿಸಿ, ಕೂಡಿಸಿ, ಒಟ್ಟು ತೂಕದಿಂದ ಭಾಗಿಸಲು ಬರುವುದು 13. ಪುಟವಿಟ್ಟು ತೂಕ ಕುಗ್ಗಿದರೆ ಉಳಿದುದರಿಂದಲೇ ಭಾಗಿಸಬೇಕೆಂಬ ಲೀಲಾವತಿಯ ವಿಧಿಯು ಇನ್ನೂ ಸೂಕ್ಷ್ಮ.

ಆದರೆ ಈ ಸೂತ್ರವು ಸಜಾತೀಯ ದ್ರವ್ಯಕ್ಕೆ ಮಾತ್ರ ಸಲ್ಲತಕ್ಕದ್ದು. ಇದನ್ನು ಸರ್ವತ್ರ ಹಚ್ಚುವವರು ಎಡವುತ್ತಾರೆ. ತುಮಕೂರಿನ ಬಳಿಯ ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರವು ಪರೀಕ್ಷಿಸಿದ ‘ಸಿದ್ದು’ ಹಲಸಿನ ಹಣ್ಣಿನ ತೂಕ ಸುಮಾರು ಎರಡೂವರೆ ಕಿಲೋ, ಸಿಹಿ ಸುಮಾರು 31 ಬ್ರಿಕ್ಸ್. ಇವೆರಡನ್ನು ಬೆರೆಸಿ ಹಣ್ಣಿನ ತಾರತಮ್ಯವನ್ನು ಹೇಳಲು ಯಾವುದಕ್ಕೆ ಎಷ್ಟು ಗೌರವವೆಂಬುದನ್ನು ಪರೀಕ್ಷಕನೇ ಕಲ್ಪಿಸಬೇಕು. ಚಿಕ್ಕ ಸಂಸಾರದವನಿಗೆ ಆ ಅಲ್ಪ ತೂಕವೇ ಗುಣ. ತೂಕಕ್ಕೆ ಮಾರುವವನಿಗೆ ಅದೇ ಕೊರತೆ.