ಒಂದೇ ಅಂಕಿ, ಜೀವಮಾನದ ಗುಳಿಗೆ

ಬಸವಕಲ್ಯಾಣ, ಹುಮನಾಬಾದ ಸೀಮೆಯಲ್ಲಿ ಬಿ.ಪಿ. ನೋಡುವ ರೂಢಿಯನ್ನು ಒಮ್ಮೆ ಹತ್ತಿರದಿಂದ ಗಮನಿಸಬೇಕು. ಹಳ್ಳಿಯ ಮುದುಕಿ ಬಸ್ಸಿನಲ್ಲಿ ನಿಂತೇ ಬಂದು, ದವಾಖಾನೆಯಲ್ಲಿ ಮತ್ತೆ ಪಾಳಿ ಹಚ್ಚಿರುತ್ತಾಳೆ. ಒಳಗೆ ಕರೆದ ಕೂಡಲೇ ಬೆನ್ನಿಗೆ ಆಸರೆಯಿಲ್ಲದ ಸ್ಟೂಲಿನ ಮೇಲೆ ಕೂಡಿಸಿ, ಕುಪ್ಪಸದ ತೋಳಿನ ಮೇಲೆಯೇ ಪಟ್ಟಿ ಸುತ್ತುತ್ತಾರೆ. ‘ಏನಾಗ್ತದ ಯವ್ವಾ?’ ಎಂದು ಕೇಳುತ್ತಲೇ ಗಾಳಿ ತುಂಬುತ್ತಾರೆ. ಅವಳು ಮೊಣಕಾಲು ನೋವಿನ ಕಥೆ ಹೇಳಿ ಮುಗಿಸುವುದರೊಳಗೆ ಚೀಟಿಯ ಮೇಲೆ 156/94 ಬರೆದಾಗಿರುತ್ತದೆ, ಅದರ ಕೆಳಗೆ ಗುಳಿಗೆಯ ಹೆಸರೂ. ಎರಡು ನಿಮಿಷದ ಈ ಅಳತೆಯ ಮೇಲೆ ಜೀವಮಾನದ ಔಷಧಿ ನಿರ್ಧಾರವಾಗುತ್ತದೆ. ನನ್ನ ತಕರಾರು ಇರುವುದು ಇಲ್ಲಿ.

ದಣಿವು, ಮಾತು, ಜೋತುಬಿದ್ದ ಕೈ, ತೋಳಿಗೆ ಸಣ್ಣದಾದ ಪಟ್ಟಿ, ಎಲ್ಲವೂ ಅಂಕಿಯನ್ನು ಏರಿಸುತ್ತವೆ. ಇವನ್ನೆಲ್ಲ ಸರಿಪಡಿಸಿದರೂ ಡಾಕ್ಟರು ಎದುರಿಗಿದ್ದಾರೆ ಎಂಬುದೇ ಸಾಕು. 1983ರಲ್ಲಿ ಇಟಲಿಯ ಸಂಶೋಧಕ ಮಾನ್ಚಿಯಾ ಮತ್ತು ಸಂಗಡಿಗರು ರಕ್ತನಾಳದೊಳಗಿನ ಒತ್ತಡವನ್ನು ಸತತವಾಗಿ ದಾಖಲಿಸಿ ನೋಡಿದರು. ವೈದ್ಯರು ಬಂದ ಕೆಲವೇ ನಿಮಿಷಗಳಲ್ಲಿ ರೋಗಿಗಳ ಬಿ.ಪಿ.ಯ ಮೇಲಿನ ಅಂಕಿ ಸರಾಸರಿ 27ರಷ್ಟು ಏರಿತ್ತು. ಭಾರತದ 15 ರಾಜ್ಯಗಳ 18,918 ಜನರನ್ನು ನೋಡಿದ ‘ಇಂಡಿಯಾ ಹಾರ್ಟ್ ಸ್ಟಡಿ’ಯಲ್ಲಿ ಶೇ 24 ಜನರಿಗೆ ದವಾಖಾನೆಯಲ್ಲಷ್ಟೇ ಬಿ.ಪಿ. ಹೆಚ್ಚಿತ್ತು. ಶೇ 18 ಜನರದು ತದ್ವಿರುದ್ಧ: ದವಾಖಾನೆಯಲ್ಲಿ ಸರಿ, ಮನೆಯಲ್ಲಿ ಹೆಚ್ಚು.

ಈ ಎರಡನೆಯ ಗುಂಪಿನ ಚಿಂತೆ ನನಗೆ ಹೆಚ್ಚು. ಬಸವಕಲ್ಯಾಣದ ಆಟೋನಗರದಲ್ಲಿ ದಿನವಿಡೀ ಲಾರಿಯ ಕೆಳಗೆ ದುಡಿಯುವ ಮೇಸ್ತ್ರಿ, ಹುಮನಾಬಾದ ಮೇಲೆ ಹಾಯುವ ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ರಾತ್ರಿಯೆಲ್ಲ ಗಾಡಿ ಓಡಿಸುವ ಚಾಲಕ, ನಿದ್ದೆಗೆಟ್ಟು ತಂಬಾಕಿನ ಬಲದ ಮೇಲೆ ದುಡಿಯುವ ಇಂಥವರ ಒತ್ತಡ ಏರುವುದು ಕೆಲಸದ ಹೊತ್ತಿನಲ್ಲಿ. ಬಿಡುವಿನ ದಿನ ಬಂದು ತೋರಿಸಿದರೆ 128/80. ‘ಏನೂ ಇಲ್ಲ, ಆರಾಮಿದ್ದೀರಿ’ ಎಂಬ ಮಾತು ಕೇಳಿ ಹೊರಡುತ್ತಾರೆ. ಹೃದಯದ ಸ್ನಾಯು ದಪ್ಪವಾಗುವುದು, ಮೂತ್ರಪಿಂಡ ಸೊರಗುವುದು ಮಾತ್ರ ಒಳಗೊಳಗೇ ಸಾಗಿರುತ್ತದೆ. ಇಂಥವರಿಗೆ ಸಾವಿನ ಅಪಾಯವೂ ಹೆಚ್ಚು. ಹಾಗೆಂದು ದವಾಖಾನೆಯಲ್ಲಷ್ಟೇ ಏರುವವರೂ ನಿಶ್ಚಿಂತರಲ್ಲ. ಅವರಿಗೂ ವರ್ಷಕ್ಕೊಮ್ಮೆ ತಪಾಸಣೆ ಬೇಕೇ ಬೇಕು.

ಬ್ರಿಟನ್ 2011ರಲ್ಲೇ ಪದ್ಧತಿ ಬದಲಿಸಿತು. ದವಾಖಾನೆಯಲ್ಲಿ ಹೆಚ್ಚು ಬಂದರೆ ದಿನವಿಡೀ ಅಳೆಯುವ ಯಂತ್ರದಿಂದ, ಅದು ಆಗದಿದ್ದರೆ ಮನೆಯ ಅಳತೆಯಿಂದ ಖಚಿತಪಡಿಸಿಕೊಂಡೇ ರೋಗವೆಂದು ಹೇಳಬೇಕು ಎಂಬ ಮಾರ್ಗಸೂಚಿ ಬಂತು. ನಮ್ಮಲ್ಲಿ 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಶುರುವಾದ ‘ಗೃಹ ಆರೋಗ್ಯ’ ಯೋಜನೆ ತಪಾಸಣೆಯನ್ನು ಮನೆಬಾಗಿಲಿಗೆ ತಂದಿತು. ಇದು ನಿಜಕ್ಕೂ ಮೆಚ್ಚತಕ್ಕ ಹೆಜ್ಜೆ. ಆದರೆ ಸಿಬ್ಬಂದಿ ಒಮ್ಮೆ ಬಂದು ಒಮ್ಮೆ ನೋಡಿದರೆ ಅದೂ ಒಂದೇ ಅಂಕಿ. ಜಾಗ ಬದಲಾದರೆ ಸಾಲದು, ಅಳತೆ ಮರುಕಳಿಸಬೇಕು.

ಮರುಕಳಿಸುವ ಕ್ರಮ ಕಷ್ಟದ್ದಲ್ಲ. ಅಳೆಯುವ ಮೊದಲಿನ ಅರ್ಧ ತಾಸು ಚಹಾ, ತಂಬಾಕು ಬೇಡ. ಮೂತ್ರಕ್ಕೆ ಹೋಗಿಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂಡಬೇಕು. ಬರಿಯ ತೋಳಿಗೆ ಪಟ್ಟಿ ಕಟ್ಟಿ, ಕೈಯನ್ನು ಎದೆಮಟ್ಟಕ್ಕೆ ಇಟ್ಟು, ಮುಂಜಾನೆ ಎರಡು ಸಲ, ಸಂಜೆ ಎರಡು ಸಲ, ಏಳು ದಿನ ನೋಡಿ ಬರೆದಿಡಬೇಕು. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ 135/85 ದಾಟಿದರೆ ಬಿ.ಪಿ. ಇದೆ ಎಂದರ್ಥ. ದವಾಖಾನೆಯ ಗೆರೆ 140/90, ಮನೆಯದು ಅದಕ್ಕಿಂತ ಕೆಳಗೆ ಎಂಬುದು ನೆನಪಿರಲಿ. ಎದೆನೋವು, ಉಸಿರುಗಟ್ಟುವಿಕೆ, ಕೈಕಾಲು ಸೋಲುವಿಕೆ ಕಂಡರೆ ಅಥವಾ ಅಂಕಿ 180 ಮುಟ್ಟಿದರೆ ಈ ಏಳು ದಿನ ಕಾಯಕೂಡದು, ತಕ್ಷಣ ದವಾಖಾನೆಗೆ ಓಡಬೇಕು.

ಎಲ್ಲರ ಮನೆಯಲ್ಲೂ ಯಂತ್ರವಿರದು, ನಿಜ. ಆದರೆ ಊರಿಗೆರಡು ಯಂತ್ರ ಆಶಾ ಕಾರ್ಯಕರ್ತೆಯ ಬಳಿ ಇಟ್ಟು, ವಾರದ ಮಟ್ಟಿಗೆ ಮನೆಗೆ ಕೊಟ್ಟು ವಾಪಸು ಪಡೆಯುವುದು ದುಬಾರಿ ಕೆಲಸವೇನಲ್ಲ. ದವಾಖಾನೆಯ ಚೀಟಿಯಲ್ಲಿ ‘ಮನೆಯ ಬಿ.ಪಿ.’ ಎಂಬ ಒಂದು ಸಾಲು ಸೇರಿಸಲಂತೂ ಖರ್ಚೇ ಇಲ್ಲ. ಆ ಸಾಲು ತುಂಬುವ ತನಕ ನಮ್ಮ ತಪಾಸಣೆ ಅರ್ಧದ್ದೇ. ಈಗಾಗಲೇ ಗುಳಿಗೆ ನುಂಗುತ್ತಿರುವವರು ಇದನ್ನೋದಿ ತಾವಾಗಿಯೇ ನಿಲ್ಲಿಸಬೇಡಿ. ಏಳು ದಿನದ ಅಂಕಿ ಬರೆದುಕೊಂಡು ಹೋಗಿ ನಿಮ್ಮ ಡಾಕ್ಟರ ಮುಂದಿಡಿ.