ಕೆಸುವಿನೆಲೆ ಹೆಸರಿನ ಊಟ, ಬೆಂಕಿಯ ಆಟ

ಲುವಾವ್ ಅಂದ್ರೆ ಕೆಸುವಿನ ಎಲೆ. ಹವಾಯಿಯ ಓವಾಹು ದ್ವೀಪದಲ್ಲಿ ಒಂದು ಸಂಜೆಯ ಊಟ-ಕುಣಿತಕ್ಕೆ ಇಬ್ಬರಿಗೆ ಸೇರಿ 300 ಡಾಲರ್ ಕೊಟ್ಟು, ಅದನ್ನ ರೂಪಾಯಿಗೆ ಗುಣಿಸಿ ಹೊಟ್ಟೆ ಉರಿಸಿಕೊಂಡ ಮೇಲೆ ನನಗಿದು ಗೊತ್ತಾಯ್ತು. ತೀರ್ಥಹಳ್ಳಿ ಕಡೆ ಮಳೆಗಾಲ ಪೂರ್ತಿ ಪತ್ರೊಡೆ ತಿಂದು ಬೆಳೆದವನು ನಾನು. ಪೆಸಿಫಿಕ್ ಸಾಗರದ ನಡುವಿನ ಜನ ತಮ್ಮ ಹಬ್ಬದೂಟಕ್ಕೆ ಕೆಸುವಿನ ಹೆಸರಿಟ್ಟಿದ್ದಾರೆ ಅಂತ ಓದಿದಾಗ ಅರ್ಧ ದುಡ್ಡು ಅಲ್ಲೇ ವಸೂಲಾದ ಹಾಗಾಯ್ತು.

ಊಟದ ಬಗ್ಗೆ ತಕರಾರಿಲ್ಲ. ಗುಂಡಿ ತೋಡಿ, ಕಾದ ಕಲ್ಲಿನ ಮೇಲೆ ಎಲೆ ಮುಚ್ಚಿ ಗಂಟೆಗಟ್ಟಲೆ ಬೇಯಿಸಿದ ಹಂದಿ ಬೆಣ್ಣೆಯಂಗಿತ್ತು. ಮಲೆನಾಡಿನ ಹಂದಿ ಸಾರು ತಿಂದ ನಾಲಗೆಗೆ ಖಾರ ಸಾಲಲಿಲ್ಲ, ಅದು ಅವರ ತಪ್ಪಲ್ಲ. ತಕರಾರು ಶುರುವಾಗಿದ್ದು ಪೋಯ್‌ನಿಂದ. ಬೇಯಿಸಿದ ಕೆಸುವಿನ ಗಡ್ಡೆಯನ್ನ ನೀರು ಹಾಕಿ ಜಜ್ಜಿ ಮಾಡಿದ ನೇರಳೆ ಬಣ್ಣದ ಮುದ್ದೆ ಅದು. ನಿರೂಪಕ ಮೈಕ್ ಹಿಡಿದು "ಅಂಟಿನ ಥರ ಇರತ್ತೆ, ಧೈರ್ಯ ಇದ್ದವರು ತಿನ್ನಿ" ಅಂತ ನಗಿಸಿದ. ಎಲ್ರೂ ನಕ್ಕು ಬಟ್ಟಲು ಪಕ್ಕಕ್ಕೆ ಸರಿಸಿದ್ರು. ಹವಾಯಿಯವರ ಪುರಾಣದಲ್ಲಿ ಆಕಾಶದೇವ ವಾಕಿಯಾನ ಸತ್ತು ಹುಟ್ಟಿದ ಮಗುವನ್ನ ಹೂತ ಜಾಗದಲ್ಲಿ ಮೊದಲ ಕೆಸು ಚಿಗುರಿತು. ಆಮೇಲೆ ಹುಟ್ಟಿದ ತಮ್ಮನಿಂದ ಮನುಷ್ಯರ ವಂಶ ಬೆಳೀತು. ಅಂದ್ರೆ ಕೆಸು ಅವರಿಗೆ ಅಣ್ಣ. ಅಣ್ಣನ್ನ ಮೇಜಿಗೆ ತಂದಿಟ್ಟು ಗೇಲಿ ಮಾಡೋದಕ್ಕೆ ನಾವೇ ದುಡ್ಡು ಕೊಟ್ಟಿದ್ವಿ.

ಇನ್ನೊಂದು ಕಥೆಯೂ ವೇದಿಕೆಗೆ ಬರಲೇ ಇಲ್ಲ. 1819ರವರೆಗೆ ಅಲ್ಲಿ ಗಂಡಸರು ಹೆಂಗಸರು ಒಟ್ಟಿಗೆ ಕೂತು ಉಣ್ಣುವ ಹಾಗಿರಲಿಲ್ಲ. ಹಂದಿ ಮಾಂಸ, ತೆಂಗಿನಕಾಯಿ ಹೆಂಗಸರಿಗೆ ನಿಷಿದ್ಧ. ಆ ವರ್ಷ ರಾಜ ಎರಡನೇ ಕಮೆಹಮೆಹಾ ಹೆಂಗಸರ ಪಂಕ್ತಿಗೆ ಹೋಗಿ ಕೂತು ಊಟ ಮಾಡಿದ, ಹಳೇ ಕಟ್ಟಳೆ ಮುರಿದುಬಿತ್ತು. ಸಹಪಂಕ್ತಿ ಅಂದ್ರೇನು ಅಂತ ಗೊತ್ತಿರೋ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ನಾಟಕ ಬೇಕಾ? ಅದರ ಬದಲು ಮದುವೆ ವಾರ್ಷಿಕೋತ್ಸವದ ದಂಪತಿಗಳನ್ನೆಲ್ಲ ಮೇಲೆ ಕರೆದು ಸೊಂಟ ಅಲ್ಲಾಡಿಸಿದ್ರು. ನಾವೂ ಹೋದ್ವಿ, ಬಿಡಿ.

ಕುಣಿತದಲ್ಲಿ ತಾಹಿತಿ, ನ್ಯೂಜಿಲೆಂಡಿನ ಮಾವೋರಿ, ಸಮೋವಾ ಎಲ್ಲಾ ಸರಸರ ಬಂದು ಹೋದವು. ಹವಾಯಿಯದೇ ಆದ ಹಳೇ ಶೈಲಿಯ ಹುಲಾ ಒಂದೇ ಒಂದು. ಹಿರಿಯ ಹೆಂಗಸೊಬ್ಬಳು ಸೋರೆಬುರುಡೆ ತಟ್ಟುತ್ತಾ ಹಾಡಿದಳು, ಆರು ಹುಡುಗಿಯರು ಕುಣಿದರು. ಹುಲಾದಲ್ಲಿ ಮಾತೇ ಮುಖ್ಯ, ಕೈ ಆ ಮಾತನ್ನ ಬರೀತದೆ. 1830ರಲ್ಲಿ ರಾಣಿ ಕಾಹುಮಾನು ಸಾರ್ವಜನಿಕವಾಗಿ ಕುಣಿಯೋದನ್ನ ನಿಷೇಧಿಸಿದ್ದಳು. 1883ರಲ್ಲಿ ರಾಜ ಕಲಾಕೌವಾ ತನ್ನ ಪಟ್ಟಾಭಿಷೇಕದಲ್ಲೇ ಹುಲಾ ಆಡಿಸಿದ. ಇಷ್ಟೆಲ್ಲ ದಾಟಿ ಉಳಿದು ಬಂದ ಆ ಮಾತುಗಳ ಅರ್ಥವನ್ನ ಯಾರೂ ಹೇಳಲಿಲ್ಲ. ಭಾಗವತರ ಪದ ತೆಗೆದು ಬರೀ ಹೆಜ್ಜೆ ತೋರಿಸಿದ ಯಕ್ಷಗಾನದಂತಿತ್ತು. ನನ್ನ ಪಕ್ಕದಾತ ಅಷ್ಟೊತ್ತಿಗೆ ಸಿಹಿ ತರೋಕೆ ಎದ್ದು ಹೋದ.

ಕೊನೆಗೆ ಬೆಂಕಿ ಕತ್ತಿ. ಇದು ಹವಾಯಿಯದೇ ಅಲ್ಲ, ಸಮೋವಾದವರದು. ಆ ಕತ್ತಿಗೆ ಬೆಂಕಿ ಹತ್ತಿಸಿದ್ದು 1946ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಫ್ರೆಡ್ಡಿ ಲೆಟುಲಿ ಅನ್ನೋ ಕಲಾವಿದ. ಆದ್ರೂ ಸಂಜೆಯ ದೊಡ್ಡ ಚಪ್ಪಾಳೆ ಅದಕ್ಕೇ. ಸುಳ್ಳು ಯಾಕೆ, ಸಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ. ವಿಡಿಯೋ ಮಾಡಿ ಊರಲ್ಲಿ ವೇಷ ಕಟ್ಟುವ ಚಿಕ್ಕಪ್ಪನಿಗೆ ಕಳಿಸಿದೆ. "ನಮ್ಮ ಮಹಿಷಾಸುರ ದೊಂದಿ ಹಿಡ್ಕಂಡು ಬಂದಂಗೇ ಉಂಟಲ್ಲೋ" ಅಂತ ಉತ್ತರ ಬಂತು. ಆಮೇಲೆ ಇನ್ನೊಂದು: "ರೆಸಾರ್ಟಿನವರೂ ನಂಗೆ ಅಷ್ಟೇ ಸಾಕು ಅಂತಾರೆ. ಹದಿನೈದು ನಿಮಿಷ. ಮಾತು ಬ್ಯಾಡ. ದುಡ್ಡು ಮಾತ್ರ ಇಡೀ ರಾತ್ರಿ ಆಟಕ್ಕಿಂತ ಜಾಸ್ತಿ."

ಈ ಸಂಜೆಯನ್ನ ಮೋಸ ಅಂತ ಬರೆಯೋಕೆ ನನಗೆ ಕೈ ಬರದಿರೋದು ಇದಕ್ಕೇ. ಕುಣಿದವರೆಲ್ಲ ಚೆನ್ನಾಗಿ ಕುಣಿದರು, ಅವರಿಗೆ ಕೂಲಿ ಸಿಕ್ಕಿತು. ಕತ್ತರಿ ಹಾಕಿದವನು ತಪ್ಪು ಜಾಗದಲ್ಲಿ ಹಾಕಿದ, ಅಷ್ಟೇ ನನ್ನ ದೂರು. ಬೆಂಕಿ ಇರಲಿ, ಮಾತಿಗೆ ಎರಡು ನಿಮಿಷ ಬಿಡಬಹುದಿತ್ತು.

ಎರಡೇ ನಿಮಿಷ ಸಾಕು ಅಂತ ಯಾಕೆ ಹೇಳ್ತೀನಿ ಅಂದ್ರೆ, ಮುಗಿದ ಮೇಲೆ ಫೋಟೋಗೆ ನಿಂತಿದ್ದ ಹುಲಾ ಹುಡುಗಿಯನ್ನ ಆ ಹಾಡೇನು ಅಂತ ಕೇಳಿದೆ. ಮಳೆಯ ಹಾಡು ಅಂದಳು. ಅಲ್ಲಿ ಒಂದೊಂದು ಊರಿನ ಮಳೆಗೂ ಬೇರೆ ಬೇರೆ ಹೆಸರಂತೆ. ಮಾನೋವಾ ಕಣಿವೆಯದು ತುವಾಹಿನೆ, ಹಿಲೋ ಊರಿನದು ಕನಿಲೆಹುವಾ. ನಮ್ಮಲ್ಲೂ ಆರಿದ್ರಾ, ಪುನರ್ವಸು, ಪುಷ್ಯ ಅಂತ ಮಳೆಗೆ ಹೆಸರಿದೆ, ಆದರೆ ಜಾಗಕ್ಕಲ್ಲ, ನಕ್ಷತ್ರಕ್ಕೆ ಅಂದೆ. ಅವಳು ಕಣ್ಣರಳಿಸಿ "ಇನ್ನೊಂದ್ಸಲ ಹೇಳಿ" ಅಂದಳು. ಆರಿದ್ರಾ ಅಂತ ಶುರು ಮಾಡೋ ಹೊತ್ತಿಗೆ ಫೋಟೋದವನು "ನೆಕ್ಸ್ಟ್" ಅಂದ. ನಾವು ಸರಿದು ಹಿಂದಿನವರಿಗೆ ಜಾಗ ಬಿಟ್ವಿ.