ಜರಡಿಯಲ್ಲಿ ಉಳಿದ ಕಾಳು

ಅಮೆರಿಕದಲ್ಲಿ ಕೆಲವು ವಲಸಿಗ ಸಮುದಾಯಗಳು ಮಾತ್ರ ಅಷ್ಟೊಂದು ಗಳಿಸುವುದು ಹೇಗೆ? ಯೇಲ್ ಕಾನೂನು ಶಾಲೆಯ ಪ್ರಾಧ್ಯಾಪಕ ದಂಪತಿ ಏಮಿ ಚುವಾ, ಜೆಡ್ ರೂಬೆನ್‌ಫೆಲ್ಡ್ 2014ರಲ್ಲಿ ತಂದ ‘ದ ಟ್ರಿಪಲ್ ಪ್ಯಾಕೇಜ್’ ಇದಕ್ಕೆ ಮೂರು ಗುಣ ಹೆಸರಿಸುತ್ತದೆ: ನಾವೇ ಮೇಲೆಂಬ ಹಮ್ಮು, ಇನ್ನೂ ಸಾಲದೆಂಬ ಅಳುಕು, ಆಸೆಗೆ ಹಾಕಿದ ಲಗಾಮು. ಅವರ ಪಟ್ಟಿಯಲ್ಲಿ ಚೀನೀಯರು, ನೈಜೀರಿಯನ್ನರ ಜೊತೆ ಭಾರತೀಯರೂ ಇದ್ದಾರೆ. ಬೆನ್ನು ತಟ್ಟಿಕೊಳ್ಳಲು ಹಿತವಾದ ಪುಸ್ತಕ.

ಆದರೆ ಇದು ಜರಡಿಯಲ್ಲಿ ಉಳಿದ ದಪ್ಪ ಕಾಳು ತೋರಿಸಿ ಹೊಲವನ್ನು ಹೊಗಳಿದಂತಿದೆ. ಜರಡಿ ಹಿಡಿದವರು ಯಾರು? ಸಂಜೋಯ್ ಚಕ್ರವರ್ತಿ, ದೇವೇಶ್ ಕಪೂರ್, ನಿರ್ವಿಕಾರ್ ಸಿಂಗ್ ಅವರ ‘ದಿ ಅದರ್ ಒನ್ ಪರ್ಸೆಂಟ್’ ಈ ಪ್ರಶ್ನೆಯನ್ನೇ ಹಿಡಿದು ಹೊರಡುತ್ತದೆ. ಉನ್ನತ ಶಿಕ್ಷಣದ ಬಾಗಿಲಲ್ಲಿ ಜಾತಿ, ವರ್ಗ, ಒಳಗೆ ಪರೀಕ್ಷೆಗಳ ಪೈಪೋಟಿ, ಕೊನೆಗೆ ವೀಸಾ. ಹೀಗೆ ಮೂರು ಸಲ ಜರಡಿ ಆಡಿದ ಮೇಲೆ ಅಲ್ಲಿನ ವಯಸ್ಕ ಭಾರತೀಯರಲ್ಲಿ ಮುಕ್ಕಾಲು ಪಾಲು ಪದವೀಧರರಾಗಿದ್ದರೆ ಅಚ್ಚರಿಯೇನು?

ಇತಿಹಾಸವೂ ಈ ಎರಡನೆಯ ಪುಸ್ತಕದ ಪರ. ಶತಮಾನದ ಹಿಂದೆ ಅಮೆರಿಕದ ಪಶ್ಚಿಮ ಕರಾವಳಿಗೆ ಹೋದ ಪಂಜಾಬಿಗಳು ಮರದ ಮಿಲ್ಲುಗಳಲ್ಲಿ, ಹೊಲಗಳಲ್ಲಿ ಕೂಲಿಗೆ ದುಡಿದರು. 1907ರಲ್ಲಿ ಬೆಲ್ಲಿಂಗ್‌ಹ್ಯಾಮ್ ಊರಿನ ಬಿಳಿಯರ ಗುಂಪು ಅವರನ್ನು ಹೊಡೆದೋಡಿಸಿತು. 1917ರ ಕಾನೂನು ಬಾಗಿಲನ್ನೇ ಮುಚ್ಚಿತು. ಓದಿದವರಿಗೆ ಅದನ್ನು ತೆರೆದದ್ದು 1965ರ ಕಾನೂನು. ಕುಶಲ ಕೆಲಸಗಾರರಿಗೆ ದಾರಿ ಮಾಡಿದ್ದು ಕಾನೂನು. ಅಳುಕು, ಸಂಯಮಗಳು ಆ ಕೂಲಿಗಳಲ್ಲೂ ಇದ್ದಿರಲೇಬೇಕು.

ಹಾಗೆಂದು ಸಂಸ್ಕೃತಿಯನ್ನು ಪೂರ್ತಿ ತಳ್ಳಿಹಾಕಲಾಗದು. ಅಮೆರಿಕದ ಮೋಟೆಲ್‌ಗಳಲ್ಲಿ ಅರ್ಧದಷ್ಟಾದರೂ ಭಾರತೀಯ ಮೂಲದವರವು, ಬಹುಪಾಲು ಗುಜರಾತಿಗಳವು. ಅಲ್ಲಿ ಪದವಿಗಿಂತ ನೆರವಾದದ್ದು ನೆಂಟರ ಕೈಸಾಲ, ಕೌಂಟರಿನಿಂದ ಹಾಸಿಗೆ ಬಟ್ಟೆಯವರೆಗೆ ಮನೆಮಂದಿಯ ಸಂಬಳವಿಲ್ಲದ ದುಡಿಮೆ. ಚುವಾ ದಂಪತಿ ಮನಸ್ಸಿನ ಗುಣ ಹುಡುಕುವ ಬದಲು ಈ ಕೈಸಾಲದ ಲೆಕ್ಕ ಬಿಡಿಸಿದ್ದರೆ ಪುಸ್ತಕಕ್ಕೆ ತೂಕ ಬರುತ್ತಿತ್ತು.

ಆದರೂ ಜರಡಿಯ ಬಲ ತಿಳಿಯಲು ನಮ್ಮ ಕರಾವಳಿಯ ಒಂದು ಮನೆಯನ್ನೇ ಊಹಿಸಿ. ಅದೇ ಅಡುಗೆ, ಅದೇ ದೇವರು, ಅದೇ ಬೈಗುಳ ತಿಂದು ಬೆಳೆದ ಅಣ್ಣತಮ್ಮಂದಿರು. ಎಂಜಿನಿಯರಿಂಗ್ ಮುಗಿಸಿದ ತಮ್ಮ, ಅಂಕಪಟ್ಟಿಗಳ ಫೈಲು ಹಿಡಿದು ಚೆನ್ನೈನ ಅಮೆರಿಕನ್ ಕಾನ್ಸುಲೇಟ್ ಮುಂದೆ ಸಾಲಿನಲ್ಲಿ ನಿಲ್ಲುತ್ತಾನೆ. ಎಸ್ಸೆಸ್ಸೆಲ್ಸಿ ದಾಟದ ಅಣ್ಣ ಗಲ್ಫಿನ ಕೆಲಸಕ್ಕೆ ಹೊರಡುತ್ತಾನೆ. ಅಂಥವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇಸಿಆರ್ ಎಂದಿರುತ್ತದೆ, ಅಂದರೆ ಸರ್ಕಾರದ ಅನುಮತಿಯಿಲ್ಲದೆ ಅಲ್ಲಿಗೆ ಕೆಲಸಕ್ಕೆ ಹೋಗುವಂತಿಲ್ಲ. ಇಬ್ಬರ ಸಂಬಳದ ಅಂತರವನ್ನು ವಿವರಿಸಲು ಆ ಮೂರು ಗುಣಗಳಿಗಿಂತ ಈ ಮೂರಕ್ಷರ ಹೆಚ್ಚು ಒದಗುತ್ತದೆ.